ತಲೆಕೆಳಗಾದ ಹಕ್ಕಿಗಳ ಪರದೆ

ಸೊಸೆ ಮನೆಯನ್ನು ಅಲಂಕರಿಸಲು ಶುರುಮಾಡಿದಾಗಿನಿಂದ ಟೈಲರಮ್ಮನ ನೆಮ್ಮದಿ ಹಾರಿಹೋಯಿತು. ಹೊರಗಿನವರು ಕೇಳಿದ್ದರೆ ನಗುತ್ತಿದ್ದರು. ಮನೆ ಚಂದ ಮಾಡುವ ಸೊಸೆಯ ಮೇಲೆ ಅನುಮಾನ ಪಡುವ ಅತ್ತೆಯನ್ನು ಎಲ್ಲಾದರೂ ಕಂಡಿದ್ದೀರಾ ಎನ್ನುತ್ತಿದ್ದರು. ಆದರೆ ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಟೈಲರಮ್ಮನ ಕಣ್ಣು ಮಂಜಾಗುತ್ತಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಒಮ್ಮೆಲೇ ಆದದ್ದಲ್ಲ ಅದು. ಮೊದಲು ಟ್ಯೂಬ್‌ಲೈಟಿನ ಸುತ್ತ ಬಳೆಯಂಥ ಬೆಳಕು ಕಾಣಿಸಿಕೊಂಡಿತು. ಆಮೇಲೆ ಬೀದಿ, ಕ್ಯಾಲೆಂಡರು, ಮನುಷ್ಯರ ಮುಖ ಎಲ್ಲವೂ ಬೆಣ್ಣೆ ಕಾಗದದ ಹಿಂದೆ ಹೋಗಿ ನಿಂತವು. ಗಾಢ ಬಣ್ಣ ಕಾಣುತ್ತಿತ್ತು, ತಿಳಿ ಬಣ್ಣ ಒಂದರೊಳಗೊಂದು ಕಲಸಿಹೋಗುತ್ತಿತ್ತು. ಆದರೂ ಹೊಲಿಗೆ ನಿಂತಿರಲಿಲ್ಲ. ಬೆರಳಿಗೆ ಬಟ್ಟೆಯ ಮೈ ಯಾವುದು ಬೆನ್ನು ಯಾವುದು ಅಂತ ಗೊತ್ತಾಗುತ್ತಿತ್ತು. ಕಪ್ಪು ದಾರ ದುಂಡು ಡಬ್ಬಿಯಲ್ಲಿ, ಬಿಳಿ ದಾರ ಚೌಕ ಡಬ್ಬಿಯಲ್ಲಿ. ಅಳತೆ ಟೇಪಿನ ಮೇಲೆ ಇಂಚಿಗೊಂದರಂತೆ ಸ್ಟೇಪ್ಲರ್ ಪಿನ್ನು ಹೊಡೆದುಕೊಂಡಿದ್ದಳು. ಬೇರೆ ಬಣ್ಣದ ಬಟ್ಟೆ ತಂದವರಿಗೆ, "ದಾರ ನೀವೇ ಆರಿಸ್ಕೊಂಡು ತನ್ನಿ. ಆಮೇಲೆ ಬಣ್ಣ ಹೊಂದಲಿಲ್ಲ ಅಂತ ನನ್ನ ತಲೆಗೆ ಕಟ್ಬೇಡಿ" ಎಂದು ಗದರುತ್ತಿದ್ದಳು. ಗಿರಾಕಿಗಳು, ಅಬ್ಬಾ ಎಂಥ ಶಿಸ್ತಿನ ಹೆಂಗಸು ಎಂದುಕೊಂಡು ದಾರ ತರುತ್ತಿದ್ದರು.

ಇಷ್ಟೆಲ್ಲ ಮುಚ್ಚುಮರೆ ಯಾಕೆಂದರೆ, ಬೇರೆ ಊರಿನಲ್ಲಿದ್ದ ಮಗಳು ಒಂದು ನೆಪಕ್ಕಾಗಿ ಕಾಯುತ್ತಿದ್ದಳು. ಪ್ರತಿ ಸಲ ಫೋನು ಮಾಡಿದಾಗಲೂ ಅದೇ ಮಾತು. "ಅಮ್ಮಾ, ಮಿಷನ್ ತುಳಿದಿದ್ದು ಸಾಕು. ಅದನ್ನ ಯಾರಿಗಾದ್ರೂ ಕೊಟ್ಟು ನಮ್ಮನೆಗೆ ಬಂದ್ಬಿಡು. ಹಾಯಾಗಿ ಕೂತಿರು." ಆ ಹಾಯಿ ಹೇಗಿರುತ್ತದೆಂದು ಟೈಲರಮ್ಮ ಒಮ್ಮೆ ಹೋಗಿ ನೋಡಿ ಬಂದಿದ್ದಳು. ಸೋಫಾದ ಮೇಲೆ ಕೂರಿಸಿ ಕೈಗೊಂದು ರಿಮೋಟು ಕೊಟ್ಟಿದ್ದರು. ಹೂದಾನಿ ಇಟ್ಟ ಹಾಗೆ. ಏಳಲು ಹೋದರೆ, "ನಿಂಗ್ಯಾಕಮ್ಮ, ಕೂತ್ಕೋ." ಕಣ್ಣಿನ ಸುದ್ದಿ ಮಗಳ ಕಿವಿಗೆ ಬಿದ್ದರೆ ಮುಗಿಯಿತು. ಮಿಷನ್ನು ಒಂದು ಕಡೆ, ತಾನು ಒಂದು ಕಡೆ.

ಇಂಥ ಹೊತ್ತಿನಲ್ಲಿ ಸೊಸೆಗೆ ಅಲಂಕಾರದ ಹುಚ್ಚು ಹಿಡಿಯಿತು.

ಸೊಸೆ ಬೆಳಗ್ಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಮಧ್ಯಾಹ್ನ ಮನೆಗೆ ಬಂದವಳೇ ಮೊಬೈಲು ಗೋಡೆಗೆ ಒರಗಿಸಿಟ್ಟು ವಿಡಿಯೋ ಹಾಕಿಕೊಂಡು ನೆಲದ ಮೇಲೆ ಕೂರುತ್ತಿದ್ದಳು. ಖಾಲಿ ಬಾಟಲಿಗೆ ಸೆಣಬಿನ ಹುರಿ ಸುತ್ತಿದಳು. ಹಳೇ ಪತ್ರಿಕೆಯ ಹಾಳೆಗಳನ್ನು ಸುರುಳಿ ಸುತ್ತಿ ಮಣಿ ಮಾಡಿ, ಸರ ಪೋಣಿಸಿ ಅಡುಗೆಮನೆಯ ಬಾಗಿಲಿಗೆ ಇಳಿಬಿಟ್ಟಳು. ಹರಿದ ಟೀಶರ್ಟುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಜಡೆ ಹೆಣೆದು ಬಚ್ಚಲಿನ ಮುಂದೆ ಕಾಲೊರಸು ಹಾಸಿದಳು. ಖರ್ಚೇನೂ ಇಲ್ಲ ನಿಜ. ಮನೆಯ ಕಸವೆಲ್ಲ ಗೋಂದು ಬಳಿದುಕೊಂಡು ವಾಪಸು ಮನೆಗೇ ಬರುತ್ತಿತ್ತು, ಅಷ್ಟೆ.

ಟೈಲರಮ್ಮ ಮೂಗು ಮುರಿದಳು. ಆದರೆ ಅನುಮಾನ ಹುಟ್ಟಿದ್ದು ಹಳದಿ ಪೇಂಟಿನಿಂದ.

ಒಂದು ಸಣ್ಣ ಡಬ್ಬಿ ಹಳದಿ. ಸೊಸೆ ಅದನ್ನು ಎಲ್ಲೆಲ್ಲಿ ಬಳಿದಳು? ಹೊರಗಿನ ಮೆಟ್ಟಿಲ ಅಂಚಿಗೆ. ಅಲ್ಲೇ ಹೋದ ತಿಂಗಳು ಟೈಲರಮ್ಮನ ಕಾಲು ಜಾರಿತ್ತು. ಸ್ವಿಚ್‌ಬೋರ್ಡಿನ ಸುತ್ತ. ಅದನ್ನೇ ಅವಳು ಗೋಡೆ ಸವರಿ ಹುಡುಕುತ್ತಿದ್ದಳು. ಮೇಜಿನ ಮೂಲೆಗೆ. ಅದು ಅವಳ ಸೊಂಟಕ್ಕೆ ತಗುಲಿ ತಗುಲಿ ಕಲೆ ಬಿದ್ದಿತ್ತು. ಸಾಲದೆಂಬಂತೆ ಮೆಟ್ಟಿಲ ಕಬ್ಬಿಣದ ಕಂಬಿಗೆ ಒರಟು ಹಗ್ಗ ಸುತ್ತಿದಳು. ಟೈಲರಮ್ಮ ಆ ಹಗ್ಗ ಹಿಡಿದು ಇಳಿದು ನೋಡಿದಳು. ಕೈಗೆ ಚೆನ್ನಾಗಿ ಸಿಕ್ಕಿತು. ಅಷ್ಟು ಚೆನ್ನಾಗಿ ಸಿಕ್ಕಿದ್ದೇ ಅವಳಿಗೆ ಹಿಡಿಸಲಿಲ್ಲ.

'ನಾನು ಎಡವಿದ ಜಾಗಕ್ಕೆಲ್ಲ ಗುರುತು ಹಾಕ್ತಿದಾಳೆ' ಎಂದುಕೊಂಡಳು. 'ಎಲ್ಲಾ ಗೊತ್ತಾಗಿದೆ ಇವಳಿಗೆ. ಆದ್ರೂ ಬಾಯಿ ಬಿಡ್ತಿಲ್ಲ ಅಂದ್ರೆ ಏನೋ ಇದೆ.'

ಬಾಯಿ ಬಿಟ್ಟು ಕೇಳುವಂತಿಲ್ಲ. ಕೇಳಿದರೆ ತಾನಾಗಿಯೇ ಒಪ್ಪಿಕೊಂಡ ಹಾಗೆ. ಸುತ್ತು ಬಳಸಿ ಕೇಳಿದಳು.

"ಅಲ್ಲ ಕಣೇ, ಮನೆ ತುಂಬಾ ಹಳದಿ ಯಾಕೆ? ಬೇರೆ ಬಣ್ಣ ಸಿಗ್ಲಿಲ್ವಾ?"

"ಚೆನ್ನಾಗಿಲ್ವಾ ಅತ್ತೆ? ಎದ್ದು ಕಾಣ್ಲಿ ಅಂತ ಹಾಕ್ದೆ."

"ಯಾರಿಗೆ ಎದ್ದು ಕಾಣ್ಲಿ ಅಂತ?"

"ಯಾರಿಗೆ ಅಂದ್ರೆ? ನೋಡೋರಿಗೆ!" ಸೊಸೆ ನಕ್ಕಳು. ಆ ನಗುವನ್ನು ಟೈಲರಮ್ಮ ಇಡೀ ದಿನ ತಿರುಗಿಸಿ ಮುರುಗಿಸಿ ನೋಡಿದಳು. ಒಳಗೆ ಏನಾದರೂ ಹೊಲಿದಿಟ್ಟಿದ್ದಾಳೋ ಎಂದು ಅಂಗಿಯ ಪಟ್ಟಿ ಹಿಸುಕಿ ನೋಡುವ ಹಾಗೆ.

ಇದರ ಮೇಲೆ ಫೋಟೋಗಳ ಕಾಟ. ಏನು ಮಾಡಿದರೂ ಸೊಸೆ ಮೊಬೈಲಿನಲ್ಲಿ ಹಿಡಿದು ಯಾರಿಗೋ ಕಳಿಸುತ್ತಿದ್ದಳು. ಮೆಟ್ಟಿಲಿನದು, ಬಚ್ಚಲ ಬಾಗಿಲಿನದು, ಟೈಲರಮ್ಮ ಮಿಷನ್ ಮುಂದೆ ಕೂತಿದ್ದಾಗ ಹಿಂದಿನ ಗೋಡೆಯದು. ಯಾರಿಗೆ? ಮಗಳಿಗೇ ಇರಬೇಕು. ಅತ್ತಿಗೆ ನಾದಿನಿ ಇಬ್ಬರೂ ಮದುವೆಯಾದಾಗಿನಿಂದ ಒಬ್ಬರಿಗೊಬ್ಬರು ಮುಖ ಸಿಂಡರಿಸಿಕೊಂಡೇ ಇದ್ದವರು. ಈಚೆಗೆ ಫೋನಿನಲ್ಲಿ ಕಿಲಕಿಲ ನಗುತ್ತಿದ್ದರು. ಅದೇನು ಹೊಸ ಪ್ರೀತಿ?

ಒಂದು ಮಧ್ಯಾಹ್ನ ಸೊಸೆ ಒಳಕೋಣೆಯಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದಳು. ಟೈಲರಮ್ಮ ಮಿಷನ್ ನಿಲ್ಲಿಸಿ ಮೈಯೆಲ್ಲ ಕಿವಿಯಾಗಿ ಕೂತಳು.

"ಇಲ್ಲ ಇಲ್ಲ, ಅತ್ತೆಗೆ ಇನ್ನೂ ಗೊತ್ತಿಲ್ಲ... ಹೂಂ, ಅಳತೆ ತಗೊಂಡಾಯ್ತು. ಅವರಿಗೆ ಗೊತ್ತಾಗೋದ್ರೊಳಗೆ ಮುಗಿಸ್ಬಿಡ್ಬೇಕು."

ಏನನ್ನು ಮುಗಿಸುವುದು? ಯಾವುದರ ಅಳತೆ?

ಉತ್ತರ ಅದೇ ವಾರ ಸಿಕ್ಕಿತು. ಮಗನ ಹಳೇ ಜೀನ್ಸ್ ಪ್ಯಾಂಟುಗಳನ್ನು ಬಿಚ್ಚಿ, ಗೋಂದು ಹಾಕಿ ಅಂಟಿಸಿ, ಅಲ್ಲಲ್ಲಿ ಕೈಹೊಲಿಗೆ ಹಾಕಿ, ಸೊಸೆ ಹೊಲಿಗೆ ಮಿಷನ್ನಿಗೆ ಒಂದು ಮುಸುಕು ಮಾಡಿದ್ದಳು. ಪ್ಯಾಂಟಿನ ಜೇಬುಗಳು ಎದುರಿಗೇ ಬರುವಂತೆ ಇಟ್ಟಿದ್ದಳು.

"ನೋಡಿ ಅತ್ತೆ, ಈ ಜೇಬಲ್ಲಿ ಕತ್ತರಿ, ಇದರಲ್ಲಿ ಟೇಪು. ಧೂಳು ಕೂರಲ್ಲ!"

ಮಿಷನ್ನಿನ ಮೇಲೆ ಇಳಿಬಿಟ್ಟ ಆ ಮುಸುಕನ್ನು ಟೈಲರಮ್ಮ ಮುಟ್ಟಿ ನೋಡಿದಳು. ಅವಳಿಗೆ ಜೇಬು ಕಾಣಲಿಲ್ಲ. ಮುಖದ ಮೇಲೆ ಬಟ್ಟೆ ಎಳೆದು ಮಲಗಿಸಿದ ದೇಹ ಕಂಡಿತು. "ದಿನಾ ಓಡೋ ಮಿಷನ್ ಮೇಲೆ ಧೂಳು ಎಲ್ಲಿ ಕೂರುತ್ತೆ? ನಿಂತಿದ್ದಕ್ಕೆ ತಾನೇ ಮುಸುಕು ಹಾಕೋದು?"

"ಅಯ್ಯೋ, ಚೆಂದಕ್ಕೆ ಅತ್ತೆ."

"ಹೊಲಿಗೆ ನೋಡು, ಕೋಳಿ ಕೆದರಿದ ಹಾಗಿದೆ." ಹೊಲಿಗೆಯನ್ನು ಅವಳು ನೋಡಿರಲಿಲ್ಲ, ಬೆರಳಲ್ಲಿ ಓದಿದ್ದಳು.

ಸೊಸೆಯ ಮುಖ ಬಾಡಿತೋ ಇಲ್ಲವೋ, ಅದೂ ಕಾಣಲಿಲ್ಲ. ಆದರೆ ಸ್ವಲ್ಪ ಹೊತ್ತಾದ ಮೇಲೆ ಅವಳ ದನಿ ಬಂತು. "ಅತ್ತೆ, ಇನ್ನೊಂದು ಮಾತು. ಈ ಮಿಷನ್ ಒಳಗಿನ ರೂಮಿಗೆ ಹಾಕಿದ್ರೆ ಹೇಗೆ? ಇಲ್ಲಿ ಕಿಟಕಿ ಕೆಳಗೆ ಎರಡು ಕ್ರೇಟ್ ಜೋಡಿಸಿ ಮೇಲೊಂದು ದಿಂಬು ಹಾಕಿದ್ರೆ ಕೂರೋಕೆ ಎಷ್ಟು ಚೆನ್ನಾಗಿರುತ್ತೆ."

ಒಳಗಿನ ರೂಮಿಗೆ ಕಿಟಕಿಯೇ ಇರಲಿಲ್ಲ. ಮಿಷನ್ನು ಅಲ್ಲಿಗೆ ಹೋದ ದಿನವೇ ಹೊಲಿಗೆ ಮುಗಿದ ಹಾಗೆ. ಟೈಲರಮ್ಮ ಮುಸುಕನ್ನು ತೆಗೆದು ಮಡಿಸಿ ಪಕ್ಕಕ್ಕಿಟ್ಟು, ಕೆಲಸವಿಲ್ಲದಿದ್ದರೂ ಒಂದು ಚಿಂದಿಯ ಮೇಲೆ ಸಂಜೆವರೆಗೆ ಮಿಷನ್ ಓಡಿಸಿದಳು. ಲಿಫ್ಟ್ ರಿಪೇರಿ ಮಾಡುವ ಮಗ ಮನೆಗೆ ಬಂದವನು, "ಏನಮ್ಮಾ, ಅರ್ಜೆಂಟ್ ಆರ್ಡರ್ರಾ?" ಎಂದ.

"ಹೂಂ ಕಣೋ. ಬಹಳ ಅರ್ಜೆಂಟು" ಎಂದಳು.

ಪರದೆಯ ವಿಷಯ ಬಂದದ್ದು ಆಮೇಲೆ. ಸೊಸೆ ಎಲ್ಲೋ ಅಗ್ಗಕ್ಕೆ ಸಿಕ್ಕಿದ ಕಟ್ ಪೀಸು ತಂದಳು. ಕೆನೆ ಬಣ್ಣದ ಮೇಲೆ ತಿಳಿ ಬೂದಿ ಬಣ್ಣದ ಹಕ್ಕಿಗಳಿವೆಯಂತೆ.

"ಇದು ಗೋಂದಿಂದ ಆಗೋ ಕೆಲ್ಸ ಅಲ್ಲ ಅತ್ತೆ. ನಾನು ಕತ್ತರಿಸಿ ಕೊಡ್ತೀನಿ, ನೀವು ಹೊಲಿದುಬಿಡಿ."

ಪರೀಕ್ಷೆ ಬಂತು ಎಂದುಕೊಂಡಳು ಟೈಲರಮ್ಮ. ಬೇಡವೆಂದರೆ ತಾನು ಸಿಕ್ಕಿಬಿದ್ದ ಹಾಗೆ. "ತಾ" ಎಂದಳು.

ಸೊಸೆ ಉದ್ದದ ಬಟ್ಟೆಯನ್ನು ನೆಲಕ್ಕೆ ಹಾಸಿ, ತುದಿಗೆ ತುದಿ ಸೇರಿಸಿ ಮಡಿಸಿ, ಮಡಿಕೆಯ ಮೇಲೆ ಕತ್ತರಿ ಓಡಿಸಿದಳು. ಎರಡು ತುಂಡುಗಳು ಒಂದರ ಮೇಲೊಂದು ಹೇಗೆ ಬಿದ್ದಿದ್ದವೋ ಹಾಗೆಯೇ ಎತ್ತಿ ತಂದು ಕೊಟ್ಟಳು. "ಈ ಕಡೆ ಮೇಲೆ ಬರುತ್ತೆ ಅತ್ತೆ. ಎರಡಕ್ಕೂ ಇಲ್ಲೇ ರಾಡ್ ತೂರೋಕೆ ಪಟ್ಟಿ ಕೊಡಿ."

ಟೈಲರಮ್ಮ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಾಲಿನಲ್ಲಿ ನೊಣ ಬಿದ್ದ ಹಾಗೆ ಅಲ್ಲಲ್ಲಿ ಏನೋ ಮಸಕು. ಹಕ್ಕಿಗಳಿಗೆ ತಲೆ ಎಲ್ಲಿ, ಕಾಲು ಎಲ್ಲಿ? ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಕೇಳಿದರೆ, ಕಾಣಲ್ವಾ ಅತ್ತೆ ಅನ್ನುತ್ತಾಳೆ. ಅದಕ್ಕೇ ಕಾಯುತ್ತಿದ್ದಾಳೆ. ಮಾತನ್ನು ನುಂಗಿಕೊಂಡಳು. ಕಣ್ಣಿರುವವಳು ಮೇಲೆ ಯಾವುದು ಅಂತ ಹೇಳಿದ್ದಾಳಲ್ಲ, ಸಾಕು. ಮೈ ಬೆನ್ನು ಬೆರಳಿನಿಂದ ತಿಳಿದುಕೊಂಡು, ಪಟ್ಟಿ ಮಡಿಸಿ, ನೂಲೆಳೆಯಷ್ಟೂ ಸೊಟ್ಟಗಾಗದಂತೆ ಹೊಲಿದು ಕೊಟ್ಟಳು. ಪರದೆ ತೂಗುಬಿದ್ದಾಗ ಸೊಸೆ ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ, "ಓಹೋ! ಹೀಗೆ ಬೇರೆ ಮಾಡ್ಬಹುದಾ! ಸೂಪರ್ ಅತ್ತೆ!" ಎಂದು ಚಪ್ಪಾಳೆ ತಟ್ಟಿದಳು. ಮೊಬೈಲು ಕ್ಲಿಕ್ ಎಂದಿತು.

ಗೆದ್ದೆ ಎಂದುಕೊಂಡಳು ಟೈಲರಮ್ಮ. ಆ ಒಂದು ಗಳಿಗೆಯ ಮೌನ ಮಾತ್ರ ಮುಳ್ಳಿನ ಹಾಗೆ ಉಳಿದುಕೊಂಡಿತು.

ಮುಳ್ಳನ್ನು ಎಳೆದು ತೋರಿಸಿದವನು ಇಸ್ತ್ರಿಯವನು. ವಾರಕ್ಕೊಮ್ಮೆ ಬಟ್ಟೆ ಒಯ್ಯಲು ಮೇಲೆ ಹತ್ತಿ ಬರುವ ಅವನಿಗೆ ಬಾಯಿ ಇಸ್ತ್ರಿಪೆಟ್ಟಿಗೆಗಿಂತ ಬಿಸಿ. ಬಾಗಿಲಲ್ಲಿ ನಿಂತವನೇ ಹೋ ಎಂದು ನಕ್ಕ.

"ಏನ್ ಟೈಲರಮ್ಮಾ, ಈ ಕಡೆ ಪರದೇಲಿ ಹಕ್ಕಿಗಳು ಚೆನ್ನಾಗೇ ಕೂತಿವೆ. ಆ ಕಡೆಯವು ಯಾಕೆ ತಲೆಕೆಳಗಾಗಿ ನೇತಾಡ್ತಿವೆ? ಬಾವಲಿ ಆಗ್ಬಿಟ್ವಾ?"

ಟೈಲರಮ್ಮ ದನಿ ಅಲುಗಿಸಲಿಲ್ಲ. "ಅದು ಹೊಸ ಫ್ಯಾಷನ್ನು. ನೀನು ಅಂಗಿ ಸುಡದೆ ತಂದುಕೊಡು, ಅಷ್ಟು ಸಾಕು."

"ಆಯ್ತಮ್ಮ. ಮುಂದಿನ ಸಲ ಪ್ಯಾಂಟೂ ಉಲ್ಟಾ ಹಾಕ್ಕೊಳ್ಳೋ ಫ್ಯಾಷನ್ ಬಂದ್ರೆ ಹೇಳಿ, ಕ್ರೀಸ್ ಹಾಗೇ ಹಾಕ್ತೀನಿ" ಎಂದು ಗಂಟು ಹೊತ್ತುಕೊಂಡು ಇಳಿದುಹೋದ.

ಟೈಲರಮ್ಮ ಪರದೆಯ ಎದುರು ನಿಂತಳು. ಮೂಗು ತಾಗುವಷ್ಟು ಹತ್ತಿರ ಹೋದರೂ ಬೂದಿ ಮಸಕು ಬೂದಿ ಮಸಕಾಗಿಯೇ ಉಳಿಯಿತು. ಎಷ್ಟು ಜನ ಬಂದು ಹೋದರು ಈ ಮನೆಗೆ! ಎಲ್ಲರೂ ನೋಡಿದ್ದಾರೆ. ಸೊಸೆ ಬೇಕೆಂದೇ ಒಂದು ತುಂಡನ್ನು ತಿರುಗಿಸಿ ಕೊಟ್ಟು, ಹೊಲಿಸಿ, ನೇತುಹಾಕಿ, ಫೋಟೋ ತೆಗೆದು ಮಗಳಿಗೆ ಕಳಿಸಿದ್ದಾಳೆ. ಇನ್ನೇನು ಸಾಕ್ಷಿ ಬೇಕು? ನಾಳೆಯೋ ನಾಡಿದ್ದೋ ಮಗಳು ಬಂದು ಚೀಲ ಕಟ್ಟು ಅನ್ನುತ್ತಾಳೆ.

ಸೊಸೆ ಬರುವವರೆಗೆ ಟೈಲರಮ್ಮ ಮಿಷನ್ನಿನ ಸ್ಟೂಲಿನಿಂದ ಏಳಲಿಲ್ಲ. ಚಪ್ಪಲಿ ಬಿಡುವ ಸದ್ದು ಕೇಳಿದ್ದೇ ಶುರುಮಾಡಿದಳು.

"ಬಾರಮ್ಮ, ಬಾ. ಆಟ ಮುಗೀತಾ, ಇನ್ನೂ ಇದೆಯಾ?"

"ಯಾವ ಆಟ ಅತ್ತೆ?"

"ಏನೂ ಅರಿಯದ ಹಾಗೆ ಮಾತಾಡ್ಬೇಡ. ಒಂದು ತುಂಡು ಉಲ್ಟಾ ಕೊಟ್ಟು ನನ್ನ ಕೈಲಿ ಹೊಲಿಸ್ದೆ. ಹಕ್ಕಿಗಳೆಲ್ಲ ತಲೆಕೆಳಗು. ಇಸ್ತ್ರಿಯವನು ಹಲ್ಲು ಕಿರೀತಾನೆ. ನನ್ನ ಮಗಳಿಗೂ ಫೋಟೋ ಹೋಗಿರ್ಬೇಕು, ಅಲ್ವಾ?"

ಸೊಸೆ ಪರದೆಯ ಹತ್ತಿರ ಹೋದಳು. "ಅಂದ್ರೆ... ಇದು ಡಿಸೈನ್ ಅಲ್ವಾ?"

"ಏನಂದೆ?"

"ನಾನು ಏನ್ ಅಂದ್ಕೊಂಡೆ ಅಂದ್ರೆ, ನೀವೇ ಬೇಕಂತ ಒಂದು ಮೇಲೆ ಒಂದು ಕೆಳಗೆ ಮಾಡಿದೀರಿ ಅಂತ! ಅಯ್ಯೋ ದೇವರೇ. ನಮ್ಮ ಗುಂಪಲ್ಲಿ ಹಾಕಿದೀನಿ ಅತ್ತೆ. ಕಮ್ಮಿ ಖರ್ಚಲ್ಲಿ ಮನೆ ಚೆಂದ ಮಾಡೋರ ಗುಂಪು. ನಮ್ಮತ್ತೆ ಐಡಿಯಾ, ಟೈಲರ್ ಅವ್ರು ಅಂತ ಬರೆದೆ. ಅದನ್ನ ನೋಡಿ ಯಾರೋ ಆಗ್ಲೇ ಆನೆಗಳನ್ನ ತಲೆಕೆಳಗೆ ಹೊಲಿಸ್ಕೊಂಡಿದಾರೆ!"

"ಕತ್ತರಿಸಿದ್ದು ನೀನು!"

"ಹೌದು, ಮಡಿಸಿ ಕತ್ತರಿಸ್ದೆ. ಎರಡೂ ಒಂದೇ ಕಡೆಗೆ ಇರುತ್ತೆ ಅಲ್ವಾ?"

"ತುದಿಗೆ ತುದಿ ಮಡಿಸಿದ್ರೆ ಹೇಗೇ ಇರುತ್ತೆ? ಮೇಲಿನದು ಒಂದು ಕಡೆ ಮುಖ ಮಾಡುತ್ತೆ, ಕೆಳಗಿನದು ಇನ್ನೊಂದು ಕಡೆ. ಒಂದನ್ನ ತಿರುಗಿಸ್ಬೇಕು. ಹಕ್ಕಿ, ಹೂವು, ಗಿಡ ಯಾವುದಿದ್ರೂ ಮೊದಲು ತಲೆ ನೋಡ್ಬೇಕು. ಹೊಲಿಗೆ ಕಲಿಯೋ ಮಕ್ಕಳಿಗೂ ಮೊದಲ ದಿನ ಹೇಳೋ ಮಾತು ಇದು!"

"ನನಗೆ ಯಾರು ಹೇಳಿದಾರೆ ಅತ್ತೆ? ವಿಡಿಯೋದಲ್ಲಿ ಇದೆಲ್ಲ ಹೇಳಲ್ಲ." ಸೊಸೆಯ ದನಿ ನಿಧಾನವಾಯಿತು. "ನನಗಂತೂ ಗೊತ್ತಿರ್ಲಿಲ್ಲ. ಆದ್ರೆ ನಿಮಗೆ ಗೊತ್ತಿತ್ತಲ್ಲ. ನೀವು ನೋಡ್ಲಿಲ್ವಾ?"

ಟೈಲರಮ್ಮನಿಗೆ ಇಷ್ಟು ಹೊತ್ತು ತಾನೇ ತೋಡಿದ ಗುಂಡಿಯ ಅಂಚಿನಲ್ಲಿ ನಿಂತಿದ್ದೇನೆಂದು ಆಗ ಹೊಳೆಯಿತು. "ಅವತ್ತು ಬೆಳಕು ಸರಿ ಇರ್ಲಿಲ್ಲ" ಎಂದಳು.

"ಮಧ್ಯಾಹ್ನ ಹೊಲಿದ್ರಿ ಅತ್ತೆ. ಕಿಟಕಿ ಪಕ್ಕದಲ್ಲಿ. ಅವತ್ತು ಆ ಕಿಟಕಿಗೆ ಪರದೆನೇ ಇರ್ಲಿಲ್ಲ."

ಟೈಲರಮ್ಮ ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು.

"ಈಗ ಇಸ್ತ್ರಿಯವನು ಹೇಳೋವರೆಗೂ ನಿಮಗೆ ಗೊತ್ತೇ ಆಗ್ಲಿಲ್ಲ" ಎಂದಳು ಸೊಸೆ, ಒಂದೊಂದೇ ಗುಂಡಿ ಬಿಚ್ಚುವ ಹಾಗೆ. "ಅದಕ್ಕೇ ಎಲ್ಲರ ಹತ್ರಾನೂ ದಾರ ತರ್ಸ್ತೀರಿ."

"ಎಲ್ಲಾ ಗೊತ್ತಿದ್ದೇ ತಾನೇ ನೀನು ಹಳದಿ ಬಳಿದಿದ್ದು? ಹಗ್ಗ ಸುತ್ತಿದ್ದು?"

"ಹಳದಿ ಡಬ್ಬಿ ನಮ್ಮ ಅಂಗಡಿ ಬೋರ್ಡಿಗೆ ಬಳಿದು ಮಿಕ್ಕಿದ್ದು ಅತ್ತೆ. ಸ್ವಲ್ಪಾನೇ ಇತ್ತು, ಅಂಚಿಗೆ ಮಾತ್ರ ಸಾಕಾಯ್ತು. ಕಂಬಿ ತುಕ್ಕು ಹಿಡಿದಿತ್ತು, ಹಗ್ಗ ಸುತ್ತಿ ಮುಚ್ಚಿದೆ. ನನಗೆ ಏನೂ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು."

ಟೈಲರಮ್ಮ ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡು ಕೂತುಬಿಟ್ಟಳು. ಯಾರೂ ಕೇಳಿರಲಿಲ್ಲ. ತಾನಾಗಿಯೇ ಕೂಗಿ ಹೇಳಿದ ಹಾಗಾಯಿತು. ಮೆಟ್ಟಿಲ ಮೇಲೆ ಮಗನ ಬೂಟಿನ ಸದ್ದು ಕೇಳಿತು. ಇನ್ನೇನು, ಇವಳು ಒಂದು ಮಾತು ಆಡಿದರೆ ಸಾಕು. ಅವನು ಅಕ್ಕನಿಗೆ ಫೋನು ಮಾಡದೆ ಇರುವ ಗಂಡಸಲ್ಲ.

ಮಗ ಒಳಗೆ ಬಂದು ಇಬ್ಬರನ್ನೂ ನೋಡಿದ. "ಏನಾಯ್ತು? ಯಾಕೆ ಇಬ್ಬರೂ ಹೀಗಿದೀರಿ?"

"ಪರದೆ ನೋಡ್ರೀ" ಎಂದಳು ಸೊಸೆ. "ನಾನು ಉಲ್ಟಾ ಕತ್ತರಿಸಿ ಕೊಟ್ಟಿದೀನಿ. ಅತ್ತೆ ಬೈತಿದಾರೆ."

ಮಗ ಪರದೆಯನ್ನು ಮೊಟ್ಟಮೊದಲ ಬಾರಿಗೆ ನೋಡಿದ. "ಓ, ಪರದೆ ಹಾಕಿದೀರಾ? ಯಾವಾಗ?" ಎಂದು ಕೇಳಿ, ಕಾಲು ತೊಳೆಯಲು ಬಚ್ಚಲಿಗೆ ಹೋದ.

ನೀರಿನ ಸದ್ದು ಶುರುವಾದ ಮೇಲೆ ಟೈಲರಮ್ಮ ದನಿ ತಗ್ಗಿಸಿದಳು. ಭಯ ಹೋಗಿರಲಿಲ್ಲ, ಬೇರೆ ಕಡೆಗೆ ತಿರುಗಿತ್ತು ಅಷ್ಟೆ. ಕೈಗೆ ಸಿಕ್ಕಿದ ಗುಟ್ಟನ್ನು ಸುಮ್ಮಸುಮ್ಮನೆ ಯಾರು ಬಿಡುತ್ತಾರೆ?

"ಯಾಕೆ ಹೇಳ್ಲಿಲ್ಲ? ಏನು ಬೇಕು ನಿನಗೆ?"

"ಎರಡು ಬೇಕು" ಎಂದಳು ಸೊಸೆ, ಇದಕ್ಕೇ ಕಾದಿದ್ದವಳಂತೆ. "ಒಂದು, ನಾಳೆ ನನ್ನ ಜೊತೆ ಕಣ್ಣಿನ ಆಸ್ಪತ್ರೆಗೆ ಬರ್ಬೇಕು. ಪೊರೆ ಇದ್ರೆ ತೆಗೀತಾರೆ, ನಮ್ಮ ಅಂಗಡೀಲಿ ದಿನಾ ಅಂಥವ್ರು ಡ್ರಾಪ್ಸ್ ತಗೊಂಡು ಹೋಗ್ತಾರೆ. ಪೊರೆ ಅಲ್ದೇ ಇದ್ರೆ ಏನು ಅಂತ ಅಲ್ಲಿ ಹೇಳ್ತಾರೆ. ಆಮೇಲೆ ಮನೇಲಿ ಹೇಳೋದು ಬಿಡೋದು ನಿಮಗೆ ಸೇರಿದ್ದು. ಬರಲ್ಲ ಅಂದ್ರೆ ಮಾತ್ರ ಇವತ್ತೇ ನಿಮ್ಮ ಮಗಳಿಗೆ ಫೋನು."

"ಹೆದರಿಸ್ತೀಯಾ?"

"ಹೂಂ, ಹೆದರಿಸ್ತೀನಿ."

ಟೈಲರಮ್ಮನಿಗೆ ಈ ನೇರ ಮಾತು ಯಾಕೋ ಚಪ್ಪಾಳೆಗಿಂತ ಹಿತವೆನಿಸಿತು. "ಇನ್ನೊಂದು?"

"ನನಗೆ ಹೊಲಿಯೋದು ಹೇಳ್ಕೊಡಿ. ಗೋಂದು ಹಾಕಿದ್ದೆಲ್ಲ ತಿಂಗಳಿಗೆ ಉದುರಿಹೋಗುತ್ತೆ. ಆ ಮುಸುಕು ಮಾಡೋವಾಗ ಎಷ್ಟು ಸಲ ಸೂಜಿ ಚುಚ್ಚಿಸ್ಕೊಂಡೆ ಗೊತ್ತಾ? ನೀವು ನೋಡಿ ಖುಷಿಪಡ್ತೀರಿ ಅಂತ ನಿಮ್ಮ ಮಗಳ ಹತ್ರ ಫೋನಲ್ಲಿ ಕೇಳಿ ಕೇಳಿ ಮಾಡಿದ್ದು."

"ಕಲಿತು ನನ್ನ ಮಿಷನ್ ಕಸ್ಕೊಳ್ಳೋಕಾ?"

"ನೀವು ಕೂತಿರೋವಾಗ ಆ ಮಿಷನ್ ಹತ್ರ ಕೈ ಹಾಕಿ ಬೆರಳು ಉಳಿಸ್ಕೊಂಡೋರು ಯಾರಿದಾರೆ ಅತ್ತೆ?"

ಟೈಲರಮ್ಮನಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ. "ಮಿಷನ್ ಕಿಟಕಿ ಹತ್ರಾನೇ ಇರುತ್ತೆ. ಕ್ರೇಟು ಗೀಟು ಎಲ್ಲ ಒಳಗೆ ಇಟ್ಕೋ."

"ಆಯ್ತು."

"ಪರದೆ ಇಳಿಸು ಹಾಗಾದ್ರೆ. ಉಲ್ಟಾ ಇರೋದು ಮಾತ್ರ."

ಸೊಸೆ ರಾಡಿನಿಂದ ಪರದೆ ಬಿಡಿಸಿ ತಂದಳು. ಟೈಲರಮ್ಮ ಬ್ಲೇಡಿನ ಮೂಲೆಯಿಂದ ಹೊಲಿಗೆಯ ಒಂದು ಟಾಕಿ ಬಿಡಿಸಿ, ದಾರವನ್ನು ಸುಯ್ಯೆಂದು ಎಳೆದು ತೋರಿಸಿದಳು. ಉಳಿದದ್ದನ್ನು ಸೊಸೆಯ ಕೈಗೆ ಕೊಟ್ಟಳು. ಬಟ್ಟೆ ಹರೀತೀಯ, ಮೆಲ್ಲಗೆ, ಬ್ಲೇಡು ಮಲಗಿಸಿ ಹಿಡಿ ಎಂದು ಪ್ರತಿ ಟಾಕಿಗೂ ಒಂದು ಬೈಗುಳ ಸೇರಿಸಿದಳು. ಪಟ್ಟಿ ಬಿಚ್ಚಿದ್ದಾಯಿತು. ಬಟ್ಟೆ ಮಿಷನ್ನಿನ ಹಲಗೆಯ ಮೇಲೆ ಹರಡಿತು. ಬೆರಳಿಗೆ ಎರಡು ತುದಿಯೂ ಒಂದೇ. ಇಷ್ಟು ವರ್ಷ ಯಾರನ್ನೂ ಕೇಳದೆ ಹೊಲಿದವಳು, ಕೊನೆಗೂ ಕೇಳಿದಳು.

"ತಲೆ ಯಾವ ಕಡೆ?"

"ಇಲ್ಲಿ ಅತ್ತೆ." ಸೊಸೆ ಒಂದು ತುದಿಯನ್ನು ಅವಳ ಕೈಗೆ ತಂದಿಟ್ಟಳು.

"ಸರಿಯಾಗಿ ನೋಡ್ದೆಯಾ?"

"ನೋಡ್ದೆ. ಕೊಕ್ಕು, ಕಣ್ಣು, ಎಲ್ಲಾ ಈ ಕಡೆನೇ ಇದೆ."

"ಸುಳ್ಳು ಹೇಳಿದ್ರೆ ನನಗೆ ಗೊತ್ತಾಗುತ್ತೆ."

"ಹೇಗೆ ಗೊತ್ತಾಗುತ್ತೆ?"

ಟೈಲರಮ್ಮ ಆ ತುದಿಯನ್ನು ಎರಡು ಬೆರಳ ನಡುವೆ ಒಮ್ಮೆ ಉಜ್ಜಿದಳು, ಇನ್ನೊಮ್ಮೆ ಉಜ್ಜಿದಳು. ಆಮೇಲೆ ಪಟ್ಟಿ ಮಡಿಸಿ ಸೂಜಿಯ ಕೆಳಗಿಟ್ಟು, ಪೆಡಲಿನ ಮೇಲೆ ಕಾಲಿಟ್ಟಳು.